ಖಣಿಯ ನೀರು

ಊರ ಸಭೆಯಲ್ಲಿ ಎಲ್ಲರ ಕೈ ಮೇಲೆದ್ದಾಗ ಈಶಪ್ಪನದೊಂದೇ ಮಡಿಲಲ್ಲಿತ್ತು. ಇನ್ನು ಗುಡ್ಡ ಒಡೆಯುವುದು ಸಾಕು. ಖಣಿಯ ತಗ್ಗಿನಲ್ಲಿ ನಿಂತ ನೀರನ್ನು ಪಂಪಿನಿಂದ ಎತ್ತಿ ಕುರಿಗಳಿಗೆ, ಮೇವಿನ ಹೊಲಕ್ಕೆ ಕೊಡೋಣ ಎಂದು ಕುರಿಗಾಹಿ ಅಂಬಣ್ಣ ಹೇಳಿದ್ದೇ ತಡ, ನಿನ್ನೆಯವರೆಗೆ ಕಲ್ಲು ಹೊತ್ತವರೆಲ್ಲ ಹೌದೆಂದರು. ಶಹಾಪುರದ ಬಳಿಯ ಆ ಕಲ್ಲಿನ ಖಣಿಗೆ ಈಶಪ್ಪ ಮೇಸ್ತ್ರಿ. ಅವನು ಮದ್ದು ಸಿಡಿಸಿದರೆ ಊರು ಉಣ್ಣುತ್ತಿತ್ತು.

"ಈಶಪ್ಪಣ್ಣ, ಇನ್ನ ನಮ್ಮ ಕುರಿ ಹಿಂದ ಬರ್ರಿ. ಅವು ಸಿಡಿಯಂಗಿಲ್ಲ, ಅಂಜಬ್ಯಾಡ್ರಿ," ಎಂದ ಅಂಬಣ್ಣ. ಜನ ನಕ್ಕರು. ಈಶಪ್ಪನೂ ನಕ್ಕ.

ಯೋಜನೆ ಹುಟ್ಟಿದ್ದು ಆ ನಗುವಿನಲ್ಲೇ. ಮನುಷ್ಯರ ತಂಟೆ ಬೇಡ. ಒಂದಿಷ್ಟು ಕುರಿ ಸತ್ತರೆ ಸಾಕು. ಮದ್ದಿನ ವಿಷ ನೀರಿಗಿಳಿದಿದೆ ಎಂದು ಊರೇ ಹೇಳಿಕೊಳ್ಳುತ್ತದೆ. ನೀರು ಕೆಟ್ಟದ್ದಾದ ಮೇಲೆ ಆ ತಗ್ಗಿನಿಂದ ಯಾರಿಗೇನು ಪ್ರಯೋಜನ? ಖಣಿ ಮತ್ತೆ ತೆರೆಯಲೇಬೇಕು. ಶಹಾಪುರದ ಅಂಗಡಿಗಳಲ್ಲಿ ಅವನನ್ನು ಬಲ್ಲವರಿದ್ದರು. ಆದ್ದರಿಂದ ಕೆಂಭಾವಿ ಸಂತೆಯ ಗದ್ದಲದಲ್ಲಿ ವಿಷದ ಪುಡಿ ಕೊಂಡ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಕುರಿಗಳಿಗೆ ಮೊದಲ ಸಲ ನೀರು ಕುಡಿಸುವ ಹಿಂದಿನ ಸಂಜೆ, ಖಣಿಯ ಬಳಿ ಪಂಪಿನಿಂದ ತುಂಬಿಸಿಟ್ಟ ಕಲ್ಲಿನ ತೊಟ್ಟಿಯಲ್ಲಿ ಅದನ್ನು ಕದಡಿ ಬಂದ. ಮನುಷ್ಯರಿಗೆ ಊರೊಳಗೆ ನಳವಿದೆ. ಕುರಿಯ ತೊಟ್ಟಿಗೆ ಯಾರು ಬಾಯಿ ಹಚ್ಚುತ್ತಾರೆ? ನಾಳೆ ಸತ್ತ ಕುರಿಗಳನ್ನು ತಾನೇ ಮುಂದೆ ನಿಂತು ಎತ್ತಿಸಬೇಕು, ಅಂಬಣ್ಣನ ಹೆಗಲ ಮೇಲೆ ಕೈಯಿಡಬೇಕು ಎಂಬುದೂ ತೀರ್ಮಾನವಾಗಿತ್ತು. ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಸ್ನಾನ ಮಾಡಿ ತಾಯಿ ಪಾರ್ವತೆಮ್ಮನ ಮುಂದೆ ಕೂತ. ಪೂಜೆ ಮುಗಿಸಿದ್ದ ಅವ್ವ, ಲಿಂಗದ ಮೇಲೆರೆದ ನೀರನ್ನು ತಾನು ತೀರ್ಥವಾಗಿ ತೆಗೆದುಕೊಂಡು, ಎಂದಿನಂತೆ ಅವನ ಅಂಗೈಗೂ ಹಾಕಿದಳು. ಕಣ್ಣಿಗೊತ್ತಿ ಕುಡಿದ. ಆಗ ಕಂಡಿತು, ಹೊಸ್ತಿಲ ಬಳಿ ಯಾರದೋ ಹಿತ್ತಾಳೆ ಕೊಡ. "ಅಂಬಣ್ಣ ನಸಕಿನ್ಯಾಗ ಖಣಿ ತೊಟ್ಟ್ಯಾಗಿಂದ ತುಂಬಿ ತಂದಿಟ್ಟು ಹೋಗ್ಯಾನಪ್ಪ," ಎಂದಳು ಅವ್ವ. "ಹೊಸಾ ನೀರು ಮೊದಲ ಲಿಂಗಕ್ಕ ಏರಬೇಕವ್ವ, ಆಮ್ಯಾಲ ನಮ್ಮ ಕುರಿ ಬಾಯಿ ಹಚ್ಚಬೇಕು ಅಂದ." ಶಹಾಪುರದ ದವಾಖಾನೆಗೆ ಹೋದರೆ ಡಾಕ್ಟರು ಮೊದಲು ಕೇಳುವುದು, ಯಾವ ವಿಷ ಎಂದು. ಊರಲ್ಲಿ ಅದರ ಹೆಸರು ಬಲ್ಲವನು ಅವನೊಬ್ಬನೇ.