ಟೇಪಿನ ಕಿವಿ

ಬೆಳಿಗ್ಗೆ ತಾರಸಿ ಹತ್ತಿ ನೋಡಿದೆ. ಬೇಸಿಗೆಯೆಲ್ಲ ಬೆವರು ಸುರಿಸಿ ಕಟ್ಟಿದ ಆಂಟೆನಾ ಮಕಾಡೆ ಬಿದ್ದಿತ್ತು. ಅದರ ಮೇಲೆ ನಾಲ್ಕು ಬೆಕ್ಕುಗಳು ಬೀಗರಂತೆ ಕಾಲು ಚಾಚಿ ಮಲಗಿದ್ದವು. ಉಪಗ್ರಹ ಕಳಿಸುವ ಮೋಡದ ಚಿತ್ರವನ್ನು ಹಿಡಿದು ಸಂಜೆ ರೇಡಿಯೊ ಹವ್ಯಾಸಿಗಳ ಸಂಘದಲ್ಲಿ ತೋರಿಸಬೇಕಿತ್ತು.

ಬೆಕ್ಕು ಕಾಲಿಟ್ಟರೆ ನೀರು ಚಿಮ್ಮಿಸುವ ಯಂತ್ರವನ್ನೂ ನಾನೇ ಮಾಡಿದ್ದೆ. ಏಣಿ ಹಿಡಿದವರು ಗಂಡ. ಪರೀಕ್ಷೆಯಲ್ಲಿ ಮೊದಲು ತೊಯ್ದವರೂ ಅವರೇ. ಈಗ ಯಂತ್ರ ಪಿಟಕ್ಕೆನ್ನಲಿಲ್ಲ. ಅದರ ತಂತಿಯನ್ನು ಯಾರೋ ಕತ್ತರಿಸಿದ್ದರು.

"ಹಲ್ಲಿನ ಗುರುತಿಲ್ಲ. ಬೆಕ್ಕಿನ ಕೆಲಸ ಅಲ್ಲ ಇದು," ಎಂದೆ.

"ಪಕ್ಕದ ದರ್ಜಿ ಇರಬೇಕು," ಎಂದರು ನನ್ನ ಹಿಂದೆಯೇ ಹತ್ತಿ ಬಂದ ಗಂಡ. "ಮೊನ್ನೆ ಅವನ ಬೆಕ್ಕು ಒದ್ದೆಯಾಯ್ತು ಅಂತ ಕೂಗಾಡಿದ್ನಲ್ಲ. ಕೈಯಲ್ಲಿ ಕತ್ತರಿ ಬೇರೆ."

*

ಹಿಂದೆಮುಂದೆ ನೋಡದೆ ದರ್ಜಿಯ ಅಂಗಡಿಗೆ ನುಗ್ಗಿದೆ. ಗಿರಾಕಿಗಳ ಮುಂದೆಯೇ ಬಾಯಿಗೆ ಬಂದಂತೆ ಬೈದೆ. ಬೆನ್ನ ಹಿಂದೆ ನಿಂತ ಗಂಡ "ಹೌದು ಮತ್ತೆ" ಎನ್ನುತ್ತಿದ್ದರು.

ದರ್ಜಿ ಕತ್ತರಿ ಎತ್ತಿ ತೋರಿಸಿದ. "ಅಕ್ಕಾ, ಇದ್ರಲ್ಲಿ ಕಾಗದ ಕತ್ತರಿಸೋಕೂ ಯಾರಿಗೂ ಬಿಡಲ್ಲ. ಹರಿತ ಹೋಗುತ್ತೆ. ತಂತಿ ಕತ್ತರಿಸ್ತೀನಾ?"

ಅಷ್ಟರಲ್ಲಿ ಒಬ್ಬಾಕೆ ತನ್ನ ಬಟ್ಟೆ ವಾಪಸ್ ಕೇಳಿ ಪಡೆದು ಹೊರಟುಹೋದಳು. ದರ್ಜಿಯ ಮುಖ ಬಿಳಚಿಕೊಂಡಿತು.

*

ಮತ್ತೆ ತಾರಸಿಗೆ ಹೋದೆ. ಸಿಟ್ಟಿನಲ್ಲಿ ಕಾಣದ್ದು ಈಗ ಕಂಡಿತು. ತಂತಿಯ ಬರಿಯ ತುದಿಗಳಿಗೆ ಕಪ್ಪು ಟೇಪು ಸುತ್ತಿತ್ತು. ಟೇಪಿನ ಕೊನೆ ಮಡಚಿ ಪುಟ್ಟ ಕಿವಿ ಬಿಟ್ಟಿತ್ತು. ಮುಂದೆ ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು ಬಿಡುವ ಕಿವಿ ಅದು. ಹಗೆ ತೀರಿಸಲು ಬಂದವನು ಬಿಚ್ಚುವವರ ಉಗುರಿನ ಚಿಂತೆ ಮಾಡುತ್ತಾನೆಯೇ? ಆ ಕಿವಿ ಬಿಡುವುದನ್ನು ನಾನು ಕಲಿಸಿದ್ದು ಒಬ್ಬರಿಗೆ ಮಾತ್ರ.

ನೀರಿನ ತೊಟ್ಟಿಯ ಹಿಂದೆ ಇಣುಕಿದೆ. ಕಣ್ಣು ಬಿಡದ ಮರಿಗಳು. ಪಕ್ಕದಲ್ಲಿ ನಮ್ಮದೇ ಹಾಲಿನ ಬಟ್ಟಲು.

*

ಬಟ್ಟಲನ್ನು ಗಂಡನ ಮುಂದೆ ಕುಕ್ಕಿದೆ.

"ನೀರು ಬಿದ್ರೆ ಮರಿಗಳು ಸತ್ತೇ ಹೋಗ್ತಿದ್ವು ಕಣೇ," ಎಂದರು ನೆಲ ನೋಡುತ್ತಾ. "ಹೇಳಿದ್ರೆ ನೀನು ಒಪ್ಪಲ್ಲ ಅನ್ಕೊಂಡೆ. ಆಮೇಲೆ ನಾನೇ ಜೋಡಿಸ್ತಿದ್ದೆ."

"ತಂತಿ ಹೋದ್ರೆ ಹೋಗ್ಲಿ. ದರ್ಜಿಯ ಹೆಸರು ಹೇಳಿದೋರು ನೀವು. ನಾನು ಬೈತಿದ್ರೆ ಹಿಂದೆ ನಿಂತು ಹೌದು ಅಂದೋರೂ ನೀವೇ. ಅಷ್ಟು ನಂಬಿದ್ನಲ್ಲ ನಿಮ್ಮನ್ನ!" ಬಾಗಿಲು ತೆರೆದೆ. "ನಡೀರಿ, ಅದೇ ಗಿರಾಕಿಗಳ ಮುಂದೆ ನಿಜ ಹೇಳಿ."

ಅವರು ತಲೆಯೆತ್ತಿದರು.

"ನಾನ್ಯಾಕೆ? ಬೈದಿದ್ದು ನೀನು ತಾನೇ?"

ಚಪ್ಪಲಿ ಮೆಟ್ಟಿಕೊಂಡು ದರ್ಜಿಯ ಅಂಗಡಿಗೆ ಒಬ್ಬಳೇ ಹೊರಟೆ.