ಅರವತ್ತನಾಲ್ಕು ಹೇಗೆ ಆರಾಯಿತು?

“ನಾನು ಅರವತ್ತನಾಲ್ಕು ಅಂದೆ. ನೀವು ಆರು ಅಂತ ಕಳಿಸಿದ್ದೀರಿ!”

ಫೋನಿನ ಆ ತುದಿಯಲ್ಲಿ ವರದಿಗಾರ ಕೂಗಾಡುತ್ತಿದ್ದ. ಗಣಿ ಕುಸಿದ ಊರಿನಿಂದ ಹಿಂದಿನ ಸಂಜೆ ಸುದ್ದಿ ಹೇಳಿದವನು ಅವನೇ. ಇಲ್ಲಿ ಸುದ್ದಿಸಂಸ್ಥೆಯಲ್ಲಿ ಕೂತು ಅದನ್ನು ತೂತುಗಳ ಸಂಕೇತವಾಗಿ ಟೆಲಿಪ್ರಿಂಟರಿನ ಕಾಗದದ ಟೇಪಿಗೆ ಇಳಿಸಿದವಳು ಆಪರೇಟರ್. ಬೆಳಿಗ್ಗೆ ಎಲ್ಲ ಪತ್ರಿಕೆಗಳಲ್ಲೂ ಒಂದೇ ಸಾಲು— ಗಣಿ ಕುಸಿತ, 6 ಸಾವು.

“ತಾಳಣ್ಣ,” ಎಂದು ಆಪರೇಟರ್ ಫೋನನ್ನು ಕಡಿಯದೆ ಮೇಜಿನ ಮೇಲಿಟ್ಟಳು.

ಅಷ್ಟರಲ್ಲೇ ಮುಖ್ಯಸ್ಥರು ಒಂದು ಕಾಗದ ಮುಂದೆ ಹಿಡಿದರು. “ಕೈತಪ್ಪು ನನ್ನದು ಅಂತ ಬರೆದಿದೆ. ಸಹಿ ಹಾಕಮ್ಮ. ಇಲ್ಲಿಗೇ ಮುಗಿಯುತ್ತೆ.”

“ಹಾಕಲ್ಲ ಸರ್.”

“ಟೇಪ್ ಹೊಡೆದವರು ಯಾರು?”

“ನಾನೇ. ಹೊಡೆದದ್ದು ಅರವತ್ತನಾಲ್ಕು.”

“ಹಾಗಾದರೆ ನಾಲ್ಕು ಎಲ್ಲಿ ಹೋಯಿತು? ರೆಕ್ಕೆ ಬಂದು ಹಾರಿತೇ?”

“ಅದನ್ನೇ ನಾನೂ ಕೇಳ್ತಿರೋದು. ಮೆಕ್ಯಾನಿಕ್ಕನ್ನು ಕರೆಸಿ, ಟೇಪ್ ನೋಡಲಿ.”

ಮೆಕ್ಯಾನಿಕ್ ಬಂದ. ಕೈಗೆ ಸದಾ ಎಣ್ಣೆ ಮೆತ್ತಿರುತ್ತಿದ್ದ ಆ ಮುದುಕ ಎಲ್ಲರಿಗೂ ಎಣ್ಣೆ ಮಾವ. ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದು ಇಂಚಿಂಚಾಗಿ ಸರಿಸಿದ. ಆರು ಕಂಡಿತು. ಅದರ ಪಕ್ಕದಲ್ಲೇ, ಒಂದರ ಕೆಳಗೊಂದು, ಐದೂ ತೂತು.

“ಅಳಿಸಿದ್ದಾರೆ,” ಎಂದ. “ಐದರಲ್ಲಿ ಯಾವ ಯಾವ ತೂತು ಅನ್ನೋದೇ ಅಕ್ಷರದ ಗುರುತು. ತಪ್ಪು ಬಿದ್ದದ್ದರ ಮೇಲೆ ಐದೂ ತೂತು ಹೊಡೆದರೆ ಯಂತ್ರ ಅದನ್ನು ಓದದೆ ದಾಟಿಬಿಡುತ್ತೆ.”

“ನೋಡಿದಿರಾ? ತಾನೇ ಅಳಿಸಿ ಮರೆತಿದ್ದಾಳೆ!”

“ತಾಳಿ ಸರ್. ಇವಳ ಕೈಯಿಂದ ಟೇಪ್ ಎಲ್ಲಿಗೆ ಹೋಯಿತು?”

“ನಾನು ನೋಡಿ ಒಪ್ಪಿದೆ. ಗುಮಾಸ್ತ ರವಾನಿಸಿದ.”

ಗುಮಾಸ್ತ ಗಡಬಡಿಸಿ ಮುಂದೆ ಬಂದ. “ನನ್ನ ಹತ್ತಿರ ತೂತು ಹೊಡೆಯೋ ಯಂತ್ರವೇ ಇಲ್ಲ, ಮಾವ!”

“ಗೊತ್ತಪ್ಪ. ಇರೋದು ಎರಡೇ. ಒಂದು ಈ ತಾಯಿಯದು, ಇನ್ನೊಂದು ಸಾಹೇಬರ ಕೋಣೆಯದು.” ಟೇಪನ್ನು ಅವಳಿಗೆ ಕೊಟ್ಟ. “ಐದನೇ ಸಾಲು ಸವರಿ ನೋಡಮ್ಮ.”

ಸವರಿದಳು. ತೂತುಗಳ ಅಂಚೆಲ್ಲ ತರಿತರಿ. ಅವಳ ಯಂತ್ರದಲ್ಲಿ ಆ ಸಾಲಿನ ತೂತು ಹೊಡೆಯುವ ಐದನೇ ಸೂಜಿ ಮೊಂಡಾಗಿ ತಿಂಗಳಾಗಿತ್ತು. ಹೊಸದು ಕೊಡಿಸಿ ಎಂದು ಮೂರು ಸಲ ಬರೆದುಕೊಟ್ಟಿದ್ದಳು. ಬೆರಳು ಒಂದು ಕಡೆ ಗಕ್ಕನೆ ನಿಂತಿತು.

“ಅಳಿಸಿದ ಕಡೆ ಮಾತ್ರ ನುಣ್ಣಗಿದೆ!”

“ತೂತು ಎಷ್ಟು ಅಂತ ಎಣಿಸಿದರೆ ಸಾಲದು, ಹೇಗಿದೆ ಅಂತ ಮುಟ್ಟಿ ನೋಡಬೇಕು. ನಾಲ್ಕು ಅನ್ನೋ ಅಂಕಿಗೆ ಐದನೇ ತೂತೇ ಇಲ್ಲ. ಅದು ಆಮೇಲೆ ಬಿದ್ದದ್ದು, ಹರಿತವಾದ ಸೂಜಿಯಿಂದ. ಅಂಥ ಸೂಜಿ ಹೋದ ವಾರ ನಾನೇ ಹಾಕಿದೆ— ಸಾಹೇಬರ ಯಂತ್ರಕ್ಕೆ. ಆ ಕೋಣೆಯ ಕೀಲಿ ಇರೋದು ಅವರೊಬ್ಬರ ಜೇಬಿನಲ್ಲಿ.” ಮುದುಕ ತಿರುಗಿದ. “ಅಳಿಸಿದವರು ನೀವೇ ಸರ್.”

ಮುಖ್ಯಸ್ಥರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. “ಗಣಿ ಮಾಲೀಕರು ಫೋನ್ ಮಾಡಿದ್ದರು. ಆರು ಸಾಕು ಅಂದರು.”

ಆಪರೇಟರ್ ಯಂತ್ರದ ಮುಂದೆ ಹೋಗಿ ಕೂತಳು.

“ಏಳು ಮೇಲೆ! ಈ ಸುದ್ದಿ ಹೋದರೆ ನಾಳೆ ನಿನಗೆ ಇಲ್ಲಿ ಕುರ್ಚಿ ಇರಲ್ಲ.”

“ಇವತ್ತು ಇದೆಯಲ್ಲ ಸರ್.”

ಗುಮಾಸ್ತ ಸದ್ದಿಲ್ಲದೆ ಹೋಗಿ ರವಾನೆಯ ಯಂತ್ರ ಚಾಲೂ ಮಾಡಿದ. ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ವರದಿಗಾರನಿಗೆ ಹೇಳಿದಳು:

“ಈ ಸಲ ಅಂಕಿ ಬೇಡಣ್ಣ, ಅಳಿಸಿಬಿಡ್ತಾರೆ. ಒಬ್ಬೊಬ್ಬರ ಹೆಸರೂ ಹೇಳಿ. ನಿಧಾನವಾಗಿ.”