ದಾರಿಯಲ್ಲಿ ನಾಲ್ಕು ಮೊಟ್ಟೆ

"ತಾತಾ, ಕುರಿ ನಿಲ್ಸು! ಇಲ್ಲಿ ಮೊಟ್ಟೆ ಐತೆ!"

ಸ್ವಪ್ನ ಜೋರಾಗಿ ಕೂಗಿದಳು. ಹಿಂಡಿನ ಹಿಂದೆ ದೂರದಲ್ಲಿ ಬರುತ್ತಿದ್ದ ತಾತ ಪಾತಣ್ಣನಿಗೆ ಕೇಳಿಸಲಿಲ್ಲ.

ಕುರಿ ಮೇಯುವ ಉಳ್ಳಾರ್ತಿ ಕಾವಲಿಗೆ ಅಡ್ಡವಾಗಿ ಸರ್ಕಾರದವರ ಉದ್ದನೆಯ ಗೋಡೆ ಎದ್ದ ಮೇಲೆ, ನೀರಿನ ಕಟ್ಟೆಗೆ ಹತ್ತಿರದ ದಾರಿ ಇದೊಂದೇ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಜಾಲಿಮುಳ್ಳು. ನಡುವೆ ಬರೀ ನೆಲದ ಮೇಲೆ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ!

ಹಳದಿ ಕಾಲಿನ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಗಳ ಮುಂದೆ ರೆಕ್ಕೆ ಹರಡಿ ನಿಂತು ಒಂದೇ ಸಮನೆ ಕಿರುಚುತ್ತಿತ್ತು. ಬಾಯಾರಿದ ನಲವತ್ತು ಕುರಿ ಓಡಿ ಬರುತ್ತಿದ್ದರೂ ಅದು ಕದಲಲಿಲ್ಲ.

ಸ್ವಪ್ನಳಿಗೆ ಹತ್ತು ದಿನದಿಂದ ಎಲ್ಲರ ಮೇಲೂ ಸಿಟ್ಟು. ಪುಟ್ಟ ತಮ್ಮನಿಗೆ ನಿಮೋನಿಯಾ ಆಗಿ, ಅವ್ವ ಅವನ ಜೊತೆ ದಾವಣಗೆರೆ ಆಸ್ಪತ್ರೆಯಲ್ಲಿದ್ದಳು. 'ಅವನೊಬ್ನೇ ಅವ್ವನ ಮಗನಾ? ನಾನು ಯಾರು?'

ಆದರೆ ಈಗ ಸಿಟ್ಟಿಗೆಲ್ಲ ಟೈಮ್ ಇರಲಿಲ್ಲ. ಎರಡೂ ಕೈ ಅಗಲಿಸಿ ಹಕ್ಕಿಯ ಮುಂದೆ ನಿಂತಳು.

"ಹೋ! ಹೋ! ಹಿಂದಕ್ಕೆ!"

ಮುಂದಿದ್ದ ಟಗರು ಗುಮ್ಮಿತು. ದೊಪ್ಪನೆ ಬಿದ್ದಳು. ಮಂಡಿ ತರಚಿತು. ಎದ್ದವಳೇ ಟಗರಿನ ಕೊಂಬನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಹಿಂದಿನ ಕುರಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತವು.

ತಾತ ಏದುಸಿರು ಬಿಡುತ್ತಾ ಬಂದ. "ಏನೇ ಹುಡುಗಿ, ಕುರಿ ನೀರು ಕುಡಿಯಾದು ಬ್ಯಾಡ್ವಾ?"

"ಹಳ್ಳದ ಕಡೆಯಿಂದ ಬಳಸ್ಕೊಂಡು ಹೋಗಾನ ತಾತ."

"ಒಂದು ಮೈಲಿ ಜಾಸ್ತಿ ಆಗ್ತೈತೆ. ಬಿಸ್ಲು ನೋಡು!"

"ನಾನು ಹೊಡ್ಕೊಂಡು ಹೋಗ್ತೀನಿ. ನೀನು ಮೆಲ್ಲಗೆ ಬಾ."

ತಾತ ಹಕ್ಕಿಯತ್ತ ನೋಡಿದ. ಬಿಸಿಲಿಗೆ ಅದರ ಕೊಕ್ಕು ತೆರೆದೇ ಇತ್ತು.

"ಪಾಪ, ಬೆಳಿಗ್ಗೆಯಿಂದ ಇದೂ ನೀರು ಕುಡಿದಿರಲ್ಲ ಕಣೆ," ಎಂದು ತನ್ನ ಕೋಲನ್ನು ಅವಳ ಕೈಗೆ ಕೊಟ್ಟ.

ಸ್ವಪ್ನ ಕುಂಟುತ್ತಲೇ ಹಿಂಡು ತಿರುಗಿಸಿದಳು. ಕುರಿಗಳು ಕಟ್ಟೆಗೆ ಬಾಯಿ ಹಚ್ಚುವ ಹೊತ್ತಿಗೆ ಅವಳ ಲಂಗವೆಲ್ಲ ಧೂಳು. ಕಾಲು ಸೋತಿದ್ದರೂ ಕೂರಲಿಲ್ಲ. ಕೊನೆಯ ಮರಿ ನೀರು ಕುಡಿಯುವವರೆಗೂ ನಿಂತೇ ಇದ್ದಳು.

ಸಂಜೆ ಅವ್ವನ ಫೋನ್ ಬಂತು. ತಮ್ಮನ ಜ್ವರ ಸ್ವಲ್ಪ ಇಳಿದಿತ್ತಂತೆ. ದಿನಾ ಸ್ವಪ್ನ "ಯಾವಾಗ ಬರ್ತೀಯಾ?" ಎಂದು ಜಗಳ ತೆಗೆಯುತ್ತಿದ್ದಳು. ಇವತ್ತು ಬಿಸಿಲಲ್ಲಿ ಕೊಕ್ಕು ತೆರೆದು ನಿಂತಿದ್ದ ಆ ಹಕ್ಕಿ ನೆನಪಾಯಿತು.

"ಅವ್ವಾ, ನೀನು ಉಂಡ್ಯಾ?"

"ಇನ್ನೂ ಇಲ್ಲ ಕಣೆ. ಅಲ್ಲಿ ಮನೆ, ಕುರಿ ಎಲ್ಲಾ ಹೆಂಗೈತೆ?"

"ಮೊದ್ಲು ಹೋಗಿ ಉಣ್ಣವ್ವ. ಇಲ್ಲಿ ನಾನಿದೀನಿ."